ಗಟ್ಟಿ ಜನಕ್ಕೂ ಹಾಲು ತಾನಾಗೇ ಇಳಿಯಲ್ಲ



ಉದ್ದದ ಪೋಸ್ಟ್ ಇದು. ಮೊಲೆ, ಹಾಲು, ಬಾಣಂತನದ ಬಗ್ಗೆ ಇದೆ. ಈ ಪದಗಳನ್ನ ಓದಿದ್ರೆ ಮುಜುಗರ ಆಗೋ ಅಣ್ಣತಮ್ಮಂದಿರು ಇದ್ರೆ, ಮುಜುಗರ ಪಟ್ಕೊಂಡೇ ಪೂರ್ತಿ ಓದಿ. ಇದ್ರಲ್ಲಿ ನಿಮಗೂ ಕೆಲಸ ಇದೆ.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನಮ್ಮ ಸಂಘಟನೆಯ ಒಬ್ಬ ತಂಗಿ ಫೋನ್ ಮಾಡಿದ್ಲು. ಚೊಚ್ಚಲ ಹೆರಿಗೆ ಆಗಿ ನಾಲ್ಕು ದಿನ. ಅಳ್ತಾ ಇದ್ಲು. "ಅಕ್ಕಾ, ನಂಗೆ ಹಾಲೇ ಇಲ್ವಂತೆ." ಇಲ್ವಂತೆ ಅಂತ ಯಾರು ಹೇಳಿದ್ದು ಅಂದೆ. ಅತ್ತೆ ಹೇಳಿದ್ರಂತೆ, ಪಕ್ಕದ ಬೆಡ್ಡಿನೋರು ಹೇಳಿದ್ರಂತೆ, ಮಗು ನೋಡೋಕೆ ಬಂದ ಯಾವುದೋ ದೂರದ ಸಂಬಂಧದ ಅಜ್ಜಿ ಹೇಳಿದ್ರಂತೆ. ಮಗು ಮೊಲೆನ ಹೆಂಗೆ ಹಿಡೀತಿದೆ ಅಂತ ಬಗ್ಗಿ ನೋಡಿದೋರು ಮಾತ್ರ ಒಬ್ಬರೂ ಇಲ್ಲ. ಫೋನಲ್ಲಿ ಹೇಳಬಹುದಾದಷ್ಟನ್ನ ಅವಳಿಗೆ ಹೇಳಿದೆ. ಇಂಥ ಫೋನು ನಂಗೆ ವರ್ಷಕ್ಕೆ ನಾಲ್ಕೈದು ಬರುತ್ತೆ, ಪ್ರತಿ ಸಲವೂ ಮಧ್ಯರಾತ್ರಿಯಲ್ಲೇ. ಅದಕ್ಕೆ ಒಂದೇ ಸಲ ಎಲ್ಲಾ ಬರೆದುಬಿಡೋಣ ಅಂತ ಕೂತೆ.

ನನ್ನ ಮಗಳು ಹುಟ್ಟಿದ್ದು 2018ರಲ್ಲಿ, ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಸಿಸೇರಿಯನ್. ಎಂಟನೇ ತಿಂಗಳವರೆಗೂ ನಾನು ಮೀಟಿಂಗು, ಧರಣಿ ಅಂತ ಓಡಾಡಿದೋಳು. ಕೇರಿಗೆ ನೀರಿನ ಟ್ಯಾಂಕ್ ಬರಲಿ ಅಂತ ತಾಲ್ಲೂಕು ಆಫೀಸಿನ ಮುಂದೆ ಹೊಟ್ಟೆ ಹೊತ್ಕೊಂಡೇ ಕೂತಿದ್ದೆ. ಮೈಕ್ ಹಿಡಿದು ಒಂದು ಗಂಟೆ ಮಾತಾಡಬಲ್ಲೆ ಅನ್ನೋ ಧೈರ್ಯ ಇತ್ತಲ್ಲ, ಅದು ಆ ವಾರ್ಡಿನ ಮಂಚದ ಮೇಲೆ ಒಂದು ಸಾಲೂ ನೆರವಿಗೆ ಬರಲಿಲ್ಲ. ಹೊಟ್ಟೆ ಮೇಲೆ ಹೊಲಿಗೆ, ಪಕ್ಕಕ್ಕೆ ತಿರುಗಿದ್ರೆ ಜೀವ ಹೋದಂಗೆ. ಮಗು ಬಾಯಿ ತೆಗೆಯುತ್ತೆ, ಹುಡುಕುತ್ತೆ, ತುದಿ ಸಿಕ್ಕಿದಂಗೆ ಮಾಡಿ ಜಾರುತ್ತೆ, ಕಿರುಚುತ್ತೆ. ಎರಡು ದಿನ ಹೀಗೇ. ಮೂರನೇ ದಿನ ತೂಕ ನೋಡಿದ್ರೆ 2.8 ಕೆಜಿ ಇದ್ದ ಕೂಸು 2.6 ಆಗಿತ್ತು.

ನನ್ನ ಕೇಸ್ ಶೀಟಿಗೆ ಜಾತಿ ಸರ್ಟಿಫಿಕೇಟಿನ ಜೆರಾಕ್ಸ್ ಪಿನ್ ಮಾಡಿದ್ರು. ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮ ರಾಜ್ಯದಂಥ ಕಡೆ ಹಳ್ಳಿಯ ಎಸ್ಸಿ, ಎಸ್ಟಿ, ಬಿಪಿಎಲ್ ತಾಯಂದಿರಿಗೆ ಆಸ್ಪತ್ರೆ ಹೆರಿಗೆಗೆ 700 ರೂಪಾಯಿ ಬರುತ್ತೆ, ಅದಕ್ಕೆ ದಾಖಲೆ ಬೇಕು. ಬೇಕಾದ್ದೇ. ಆದ್ರೆ ಆ ಜೆರಾಕ್ಸ್ ದುಡ್ಡಿನ ಲೆಕ್ಕಕ್ಕೆ ಮಾತ್ರ ಓದ್ಸಿಕೊಳ್ಳಲ್ಲ. ಪಕ್ಕದ ಬೆಡ್ಡಿನ ಹುಡುಗಿಗೂ ನನ್ನದೇ ತೊಂದರೆ. ಸಿಸ್ಟರ್ ಅವಳ ಮಂಚದ ಮೇಲೆ ಕೂತು, ಬೆನ್ನಿಗೆ ದಿಂಬು ಕೊಟ್ಟು, ಮಗು ತಲೆನ ಕೈಯಲ್ಲಿ ಹಿಡಿದು ಹತ್ತು ನಿಮಿಷ ತೋರಿಸಿಕೊಟ್ರು. ನಾನು "ಸಿಸ್ಟರ್, ನಂಗೂ ಒಂಚೂರು" ಅಂದೆ. ಫೈಲ್ ತಿರುವಿ ಹಾಕಿ, ಮಂಚದ ಕಾಲಿನ ಹತ್ರ ನಿಂತೇ ಹೇಳಿದ್ರು: "ನಿಮ್ ಕಡೆ ಹೆಂಗಸ್ರು ಗಟ್ಟಿ ಕಣಮ್ಮ. ಹೊಲದಲ್ಲೇ ಹೆತ್ತು ಸಾಯಂಕಾಲ ಕಳೆ ಕೀಳೋರು. ಅದು ತಾನಾಗೇ ಇಳಿಯುತ್ತೆ."

ಬೈಗುಳ ಅಲ್ಲ ಅದು. ನಗ್ತಾನೇ ಹೇಳಿದ್ರು, ಹೊಗಳಿದಂಗೆ. ಬೈದಿದ್ರೆ ನಂಗೆ ಉತ್ತರ ಗೊತ್ತಿತ್ತು, ದೂರು ಬರೆಯೋದು ಗೊತ್ತಿತ್ತು. ಈ ಹೊಗಳಿಕೆಗೆ ಯಾವ ಆಕ್ಟಿನಲ್ಲಿ ಕೇಸ್ ಹಾಕೋದು? ಆ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ರು, ಅವರ ಕಷ್ಟ ನಂಗೆ ಗೊತ್ತು, ಸ್ಟಾಫ್ ನೇಮಕಾತಿಗೆ ನಾವೇ ಮನವಿ ಕೊಟ್ಟಿದೀವಿ. ಆದ್ರೆ ಇರೋ ಹತ್ತು ನಿಮಿಷನ ಯಾರ ಮಂಚದ ಮೇಲೆ ಕೂತು ಕಳೆದ್ರು ಅನ್ನೋದು ಸ್ಟಾಫ್ ಕೊರತೆಯ ವಿಷಯ ಅಲ್ಲ.

ಸಂಜೆಗೆ ಮಾತು ಉಲ್ಟಾ ಆಯ್ತು. ಮಗು ಅಳು ನಿಲ್ಲಿಸಲ್ಲ, "ಇವಳಿಗೆ ಹಾಲಿಲ್ಲ, ಪೌಡರ್ ತರ್ಸಿ" ಅಂತ ಅದೇ ಬಾಯಿ ಹೇಳ್ತು. ಬೆಳಿಗ್ಗೆ ಗಟ್ಟಿ ಹೆಂಗಸು, ಸಂಜೆ ಒಣಗಿದ ಹೆಂಗಸು. ಎರಡೂ ಮಾತಿನಿಂದ ಆಗೋದು ಒಂದೇ, ಯಾರೂ ನನ್ನ ಪಕ್ಕ ಬಂದು ಕೂರಬೇಕಾಗಿಲ್ಲ.

ಈಗ ಮೈಯೊಳಗೆ ಏನಾಗುತ್ತೆ ಅನ್ನೋದನ್ನ ಬರೀತೀನಿ. ಇದನ್ನ ನಂಗೆ ಆ ಮೂರು ದಿನದಲ್ಲಿ ಯಾರೂ ಹೇಳಲಿಲ್ಲ.

ಹೆತ್ತ ತಕ್ಷಣ ಬರೋದು ಗಿಣ್ಣು. ಹಳದಿ, ಅಂಟಂಟು, ಸ್ವಲ್ಪೇ ಸ್ವಲ್ಪ. ನೋಡಿದ್ರೆ ಹಾಲು ಅನ್ಸಲ್ಲ, ಅದಕ್ಕೇ ಎಷ್ಟೋ ಮನೇಲಿ ಇವತ್ತಿಗೂ ಕೆಟ್ಟ ಹಾಲು ಅಂತ ಹಿಂಡಿ ಚೆಲ್ತಾರೆ. ರೋಗ ತಡೆಯೋ ಶಕ್ತಿ ತುಂಬಿರೋದೇ ಅದ್ರಲ್ಲಿ. ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಒಂದು ಟೀ ಚಮಚದಷ್ಟು ಸಿಕ್ಕಿದ್ರೂ ಸಾಕು. ಬಿಳಿ ಹಾಲು ದಂಡಿಯಾಗಿ ಇಳಿಯೋದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಚೊಚ್ಚಲು ಆದ್ರೆ, ಸಿಸೇರಿಯನ್ ಆಗಿದ್ರೆ, ರಕ್ತ ಜಾಸ್ತಿ ಹೋಗಿದ್ರೆ ಇನ್ನೂ ಒಂದೆರಡು ದಿನ ತಡ ಆಗಬಹುದು. ಹುಟ್ಟಿದ ಕೂಸು ಮೊದಲ ದಿನಗಳಲ್ಲಿ ತೂಕ ಇಳಿಯೋದೂ ಸಹಜ. ನೂರಕ್ಕೆ ಏಳರಷ್ಟು ಇಳಿದ್ರೆ ಗಾಬರಿ ಬೇಡ, ಹತ್ತರ ಹತ್ರ ಹೋದ್ರೆ ಡಾಕ್ಟರ್ ಸರಿಯಾಗಿ ನೋಡ್ಲೇಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ವಾಪಸ್ ಬರಬೇಕು. ನನ್ನ ಮಗಳು ಇಳಿದಿದ್ದು ಏಳರ ಲೆಕ್ಕದಲ್ಲೇ. ಆ ಒಂದು ವಾಕ್ಯ ಯಾರಾದ್ರೂ ಹೇಳಿದ್ರೆ ಆ ರಾತ್ರಿ ನಾನು ಹಂಗೆ ಅಳ್ತಿರಲಿಲ್ಲ.

ಮತ್ತೆ, ಹಾಲು ಮಡಕೇಲಿ ತುಂಬಿಟ್ಟ ನೀರಲ್ಲ, ಖರ್ಚಾದ್ರೆ ಮುಗಿಯೋಕೆ. ಊಟೆ ಇದ್ದಂಗೆ, ತೋಡಿದಷ್ಟೂ ಬರುತ್ತೆ. ಮಗು ಚೀಪಿದಷ್ಟೂ ಮೈಗೆ ಸುದ್ದಿ ಹೋಗುತ್ತೆ, ಇನ್ನಷ್ಟು ಮಾಡು ಅಂತ. ರಾತ್ರಿ ಹೊತ್ತು ಆ ಸುದ್ದಿ ಜೋರಾಗಿ ಹೋಗುತ್ತೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಮೊಲೆ ಕೊಡಬೇಕು. ಹಾಲಿಲ್ಲ ಅಂತ ಪೌಡರ್ ಕುಡಿಸಿ ಮಲಗಿಸಿದ್ರೆ ಮಗು ಚೀಪಲ್ಲ, ಸುದ್ದಿ ಹೋಗಲ್ಲ, ಹಾಲು ಕಮ್ಮಿ ಆಗುತ್ತೆ. ಆಮೇಲೆ "ನೋಡಿ, ನಾವು ಹೇಳಿರಲಿಲ್ವಾ" ಅಂತಾರೆ.

ಪೌಡರ್ ವಿಷಯ. ಒಂದು ಚೀಟಿ ಮೇಲೆ ಕಂಪನಿ ಹೆಸರು ಬರೆದು ಕೈಗೆ ಕೊಟ್ರು, ಯಾವ ಅಂಗಡಿ ಅಂತಲೂ ಹೇಳಿದ್ರು. ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿದೆ ಗೊತ್ತಾ? 1992ರ ಶಿಶು ಹಾಲಿನ ಬದಲಿ ಪದಾರ್ಥ, ಹಾಲುಬಾಟಲಿ, ಶಿಶು ಆಹಾರ ಕಾಯ್ದೆ, 2003ರಲ್ಲಿ ತಿದ್ದುಪಡಿ ಆಗಿ ಇನ್ನೂ ಬಿಗಿಯಾಯ್ತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಹಾಕಂಗಿಲ್ಲ, ತಾಯಂದಿರಿಗೆ ಸ್ಯಾಂಪಲ್ ಹಂಚಂಗಿಲ್ಲ, ಮಾರಾಟ ಹೆಚ್ಚಿಸೋಕೆ ಆಸ್ಪತ್ರೆಯೋರಿಗೆ ಉಡುಗೊರೆ, ಕಮಿಷನ್ ಕೊಡಂಗಿಲ್ಲ. ಆ ಡಬ್ಬದ ಬೆಲೆ ನನ್ನ ಗಂಡನ ಎರಡು ದಿನದ ಕೂಲಿ. ಅದೂ ಒಂದು ವಾರಕ್ಕೆ ಸಾಲಲ್ಲ. ನಮ್ಮ ಕೇರಿ ಮನೆಗಳಲ್ಲಿ ಏನಾಗುತ್ತೆ ಅಂದ್ರೆ, ಡಬ್ಬ ಬೇಗ ಖಾಲಿಯಾಗುತ್ತೆ ಅಂತ ಮೂರು ಅಳತೆ ಹಾಕೋ ಕಡೆ ಎರಡು ಹಾಕ್ತಾರೆ. ನೀರು ನಲ್ಲಿದು, ಮೂರು ದಿನಕ್ಕೊಮ್ಮೆ ಬರೋದು. ಬಾಟಲಿ ಕುದಿಸೋಕೆ ಗ್ಯಾಸ್ ಲೆಕ್ಕ. ಹಿಂಗೆ ನೀರ್ ನೀರಾಗಿ ಕುಡಿದು, ಭೇದಿ ಹತ್ತಿ, ಅದೇ ಆಸ್ಪತ್ರೆಗೆ ವಾಪಸ್ ಬಂದ ಕೂಸುಗಳನ್ನ ನಾನು ನೋಡಿದೀನಿ. ಅಲ್ಲಿ ಬೈಸಿಕೊಳ್ಳೋದು ಮತ್ತೆ ತಾಯೇ, "ಕ್ಲೀನಾಗಿ ಇಟ್ಕೊಳ್ಳೋದು ಗೊತ್ತಿಲ್ವಾ ನಿಮಗೆ" ಅಂತ.

ನಾನು ಉಳಿದದ್ದು ದೊಡ್ಡವ್ವನ ಕೈಯಿಂದ. ಅವ್ವನ ಅಕ್ಕ. ಕೇರೀಲಿ ಹಿಂದೆ ಸೂಲಗಿತ್ತಿ ಆಗಿದ್ದೋಳು. ಊರಿನ ದೊಡ್ಡ ಮನೆಗಳಲ್ಲೂ ಮಕ್ಕಳ ಹೊಕ್ಕಳು ಕುಯ್ದಿದ್ದಾಳೆ. ಕೂಸನ್ನ ಹೊರಗೆ ತೆಗೆಯೋವರೆಗೂ ಅವಳ ಕೈ ಬೇಕು, ಆಮೇಲೆ ಅವಳು ಹಿತ್ತಲ ಬಾಗಿಲಲ್ಲೇ ಆಚೆ ಹೋಗಬೇಕು, ಮನೆ ತೊಳೀಬೇಕು. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ದೊಡ್ಡವ್ವನಿಗೆ ಫೋಟೋ ತೋರಿಸಿದ್ದೆ. ದಿಟ್ಟಿಸಿ ನೋಡಿ, "ಆಯಮ್ಮನ ಕೈ ನೋಡು, ನಂದೂ ಹಂಗೇ ಐತೆ" ಅಂದಿದ್ಲು.

ನಾಲ್ಕನೇ ದಿನ ಬಸ್ಸಿಳಿದು ಬಂದೋಳೇ ಕೈ ತೊಳ್ಕೊಂಡು ಮಂಚದ ಮೇಲೆ ಕೂತ್ಲು. ಒಂದೇ ನೋಟ. "ಹಾಲಿಲ್ಲ ಅಂತಾರಾ? ನಿನ್ ಮೊಲೆ ಕಲ್ಲಾಗದೆ ಕಣೇ." ನಿಜ, ಅಷ್ಟೊತ್ತಿಗೆ ಹಾಲು ಇಳಿದಿತ್ತು, ಮಗು ಎಳೀದೆ ಕಟ್ಟಿಕೊಂಡಿತ್ತು. ಮಗು ಬರೀ ತುದಿ ಕಚ್ತಿತ್ತು. ತುದಿ ಕಚ್ಚಿದ್ರೆ ಹಾಲು ಬರಲ್ಲ, ಗಾಯ ಆಗುತ್ತೆ ಅಷ್ಟೆ. ತೊಟ್ಟಿನ ಸುತ್ತ ಇರೋ ಕಪ್ಪು ಭಾಗ, ಅದ್ರಲ್ಲೂ ಕೆಳಗಿಂದು, ಬಾಯೊಳಗೆ ಹೋಗಬೇಕು. ಬಾಯಿ ಆಕಳಿಸಿದಷ್ಟು ಅಗಲ ತೆಗೆಯೋವರೆಗೆ ಕಾಯಬೇಕು, ಆಮೇಲೆ ಮಗುವನ್ನ ಮೊಲೆ ಹತ್ರ ತರಬೇಕು, ಮೊಲೆನ ಮಗು ಕಡೆ ಬಗ್ಗಿಸೋದಲ್ಲ. ಗದ್ದ ಮೊಲೆಗೆ ತಾಕಬೇಕು, ಕೆಳತುಟಿ ಆಚೆ ಮಡಚಿರಬೇಕು, ಕೂಸಿನ ಹೊಟ್ಟೆ ನಮ್ಮ ಮೈಗೆ ಅಂಟಿರಬೇಕು. ಹೊಲಿಗೆ ನೋಯ್ತಿದೆ ಅಂದಿದ್ದಕ್ಕೆ ದೊಡ್ಡವ್ವ ಮಗುವನ್ನ ನನ್ನ ಕಂಕುಳ ಅಡಿಗೆ, ಕಾಲು ಹಿಂದಕ್ಕೆ ಬರೋ ಹಂಗೆ ಮಲಗಿಸಿದ್ಲು, ನೀರು ತರುವಾಗ ಬಿಂದಿಗೆ ಸೊಂಟಕ್ಕೆ ಇಟ್ಕೋತೀವಲ್ಲ ಹಂಗೆ. ಹೊಟ್ಟೆ ಮೇಲೆ ಭಾರವೇ ಬೀಳಲಿಲ್ಲ.

ಕಲ್ಲಾದ ಮೊಲೆಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಿದ್ಲು, ಸ್ವಲ್ಪ ಕೈಯಲ್ಲಿ ಹಿಂಡಿ ಮೆತ್ತಗೆ ಮಾಡಿದ್ಲು. ಮೆತ್ತಗಾದ್ರೇನೇ ಮಗುವಿನ ಬಾಯಿಗೆ ಸಿಗೋದು. ಹಿಂಡಿದ ಹಾಲನ್ನ ಚೆಲ್ಲಲಿಲ್ಲ, ಒಳಲೆಯಲ್ಲಿ ಹಾಕಿ ಕುಡಿಸಿದ್ಲು. ಒಳಲೆ ಗೊತ್ತಲ್ಲ, ಮೂತಿ ಇರೋ ಪುಟ್ಟ ಬಟ್ಟಲು. ಬಾಟಲಿಗಿಂತ ತೊಳೆಯೋದು ಸುಲಭ, ರಬ್ಬರ್ ನಿಪ್ಪಲ್ ರುಚಿ ಹತ್ತಿ ಮಗು ಮೊಲೆ ಬಿಡೋ ಅಪಾಯವೂ ಇಲ್ಲ. ಈಗ ಮಕ್ಕಳ ಐಸಿಯುಗಳಲ್ಲೂ ಇದನ್ನೇ ಬಳಸ್ತಾರೆ, ಪಲಾಡೈ ಅಂತಾರೆ.

ನನ್ನ ಒಂದು ಕಡೆ ತೊಟ್ಟು ಚಪ್ಪಟೆ. ಅದಕ್ಕೆ ದಾರಿ ತೋರಿಸಿದ್ದು ನಮ್ಮೂರ ಆಶಾ. ಹತ್ತು ಎಂಎಲ್ ಹೊಸ ಸಿರಿಂಜ್ ತಗೊಂಡು, ಸೂಜಿ ಸಿಕ್ಕಿಸೋ ಮೂತಿ ಕಡೆ ಕತ್ತರಿಸಿ, ಒಳಗಿನ ದೂಡುಕಡ್ಡಿನ ಕತ್ತರಿಸಿದ ಕಡೆಯಿಂದ ತೂರಿಸಿದ್ರು. ಈಗ ನುಣುಪು ಅಂಚು ಇರೋ ಕಡೆ ತೊಟ್ಟಿನ ಮೇಲೆ ಬರುತ್ತೆ. ಮೆಲ್ಲಗೆ ಎಳೆದು ಅರ್ಧ ನಿಮಿಷ, ಒಂದು ನಿಮಿಷ ಹಿಡಿಯೋದು, ಪ್ರತಿ ಸಲ ಹಾಲು ಕೊಡೋ ಮುಂಚೆ. ನೋವಾಗೋಷ್ಟು ಎಳೀಬಾರದು. ಕತ್ತರಿಸಿದ ಅಂಚು ಯಾವ ಕಾರಣಕ್ಕೂ ಮೈಗೆ ತಾಕಬಾರದು. ಹತ್ತು ರೂಪಾಯಿ ಆಸುಪಾಸಿನ ಸಾಮಾನು.

ದೊಡ್ಡವ್ವನನ್ನ ದೇವರು ಮಾಡೋಕೆ ಹೊರಟಿಲ್ಲ ನಾನು. ಅವಳು ಹರಳೆಣ್ಣೆ ನೆಕ್ಕಿಸೋಣ, ಬಜೆ ತೇಯ್ದು ಹಾಕೋಣ ಅಂತ ಗಂಟು ಬಿಚ್ಚಿದ್ಲು. ಆಶಾ ಬೇಡ ಅಂದ್ರು, ನಾನೂ ಬೇಡ ಅಂದೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಜೇನೂ ಬೇಡ. ಬಾಣಂತಿ ನೀರು ಕುಡಿದ್ರೆ ಹೊಟ್ಟೆ ಬರುತ್ತೆ ಅಂತ ಅವಳೂ ಹಠ ಹಿಡಿದ್ಲು. ಇದು ಎಲ್ಲಾ ಜಾತಿಯೋರ ಮನೇಲೂ ಇರೋ ಮೂಢನಂಬಿಕೆ, ಬಾಯಾರಿದಾಗೆಲ್ಲ ನೀರು ಕುಡೀಲೇಬೇಕು. ಊಟದ ವಿಷಯದಲ್ಲಿ ಮಾತ್ರ ಅವಳ ಮಾತೇ ಸರಿ. ಪಥ್ಯ ಅಂತ ಬರೀ ಅನ್ನ, ಮೆಣಸಿನ ಸಾರು ಹಾಕಿ ಒಣಗಿಸೋ ಪದ್ಧತಿ ನಮ್ಮದಲ್ಲ. ನಾಟಿ ಕೋಳಿ ಸಾರು, ಕಾಲು ಸೂಪು, ಒಣಮೀನು, ಬೆಳ್ಳುಳ್ಳಿ ಜಾಸ್ತಿ ಹಾಕಿದ ಸಬ್ಬಸಿಗೆ ಸೊಪ್ಪಿನ ಸಾರು, ಮುದ್ದೆ. ಯಾವುದೋ ಒಂದು ಸೊಪ್ಪಿಂದ ಹಾಲು ಉಕ್ಕುತ್ತೆ ಅಂತಲ್ಲ, ಹೊಟ್ಟೆ ತುಂಬ ತಿಂದೋಳಿಗೆ ರಾತ್ರಿ ಎದ್ದು ಕೂರೋಕೆ ತ್ರಾಣ ಇರುತ್ತೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಇದೆ. ಆದ್ರೆ ಹಸಿ ಬಾಣಂತಿ ನಡ್ಕೊಂಡು ಹೋಗಿ ಅಲ್ಲಿ ಕೂತು ಉಣ್ಣಬೇಕು ಅನ್ನೋದು ಯಾರ ತಲೆಗೆ ಹೊಳೀತೋ ಕಾಣೆ.

ಆರನೇ ದಿನಕ್ಕೆ ಮಗಳು ದಿನಕ್ಕೆ ಏಳು ಸಲ ಉಚ್ಚೆ ಹೊಯ್ದಳು. ನನ್ನ ಗಂಡ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೀತಿದ್ರು, ಒಂದೊಂದು ಬಟ್ಟೆಗೆ ಒಂದೊಂದು ಗೆರೆ. ಹನ್ನೊಂದನೇ ದಿನ ತೂಕ 2.85.

ಆಗ ಅವ್ವ ಒಂದು ಮಾತು ಹೇಳಿದ್ಲು. ನಾನು ಹುಟ್ಟಿ ಮೂರು ವಾರಕ್ಕೆ ಅವ್ವ ಕಬ್ಬು ಕಡಿಯೋಕೆ ಹೋಗಿದ್ಲಂತೆ. ನನ್ನನ್ನ ಏಳು ವರ್ಷದ ಅಕ್ಕನ ಮಡಿಲಿಗೆ ಹಾಕಿ. ಮಧ್ಯಾಹ್ನದ ಹೊತ್ತಿಗೆ ರವಿಕೆ ನೆಂದು ತೊಟ್ಟಿಕ್ಕೋದು, ಮೇಸ್ತ್ರಿ ಮನೆಗೆ ಬಿಡ್ತಿರಲಿಲ್ಲ, ಬದುವಿನ ಮರೆಗೆ ಹೋಗಿ ಹಿಂಡಿ ಬರೋಳಂತೆ. ಮನೇಲಿ ನಾನು ಸಕ್ಕರೆ ನೀರು ಕುಡ್ಕೊಂಡು ಅಳ್ತಿದ್ದೆ. "ಹಾಲಿತ್ತು ಕಣವ್ವ, ನೀನೇ ಹತ್ರ ಇರಲಿಲ್ಲ." ಅಕ್ಕ ಆ ವರ್ಷ ಸ್ಕೂಲಿಗೆ ಹೋಗಲಿಲ್ಲ.

ಹೊಲದಲ್ಲೇ ಹೆತ್ತು ಕಳೆ ಕೀಳೋ ಗಟ್ಟಿ ಹೆಂಗಸು ಅಂತಾರಲ್ಲ, ಅವಳ ಹಿಂದಿನ ಕತೆ ಇದು. ಗಟ್ಟಿತನಕ್ಕೆ ಕಿತ್ತಿದ್ದಲ್ಲ, ಕೂಲಿಗೆ ಕಿತ್ತಿದ್ದು.

ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನ ಸಭೆಯಲ್ಲಿ ಹೆರಿಗೆ ಸೌಲಭ್ಯ ಮಸೂದೆಯ ಪರವಾಗಿ ಮಾತಾಡಿದ್ರು. ಹೆರಿಗೆ ಮುಂಚೆ ಮತ್ತೆ ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಖರ್ಚಿನ ಬಹುಪಾಲು ಸರ್ಕಾರ ಹೊರಬೇಕು, ಆದ್ರೆ ದುಡಿಸಿಕೊಳ್ಳೋ ಮಾಲೀಕನೂ ಜವಾಬ್ದಾರಿಯಿಂದ ಪೂರ್ತಿ ಜಾರಿಕೊಳ್ಳಂಗಿಲ್ಲ ಅನ್ನೋದು ಅವರ ವಾದ. ಮರುವರ್ಷ ಅದು ಮುಂಬೈ ಪ್ರಾಂತ್ಯದಲ್ಲಿ ಕಾನೂನಾಯ್ತು. 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ಮಗುವಿಗೆ 15 ತಿಂಗಳಾಗೋವರೆಗೆ ಕೆಲಸದ ನಡುವೆ ದಿನಕ್ಕೆ ಎರಡು ಸಲ ಹಾಲು ಕುಡಿಸೋಕೆ ಬಿಡುವು ಕೊಡಬೇಕು ಅಂತ ಅದ್ರಲ್ಲೇ ಬರೆದಿದ್ರು. 2017ರಲ್ಲಿ ರಜೆ 26 ವಾರಕ್ಕೆ ಏರಿತು. ಓದೋಕೆ ಚೆನ್ನಾಗಿದೆ. ಕಬ್ಬಿನ ಗದ್ದೆಯೋಳಿಗೆ, ಮನೆಗೆಲಸದೋಳಿಗೆ ಯಾರು ಕೊಡ್ತಾರೆ ಈ 26 ವಾರ? ಬೆಳಗಿನ ಜಾವ ಬೀದಿ ಗುಡಿಸೋ ಗುತ್ತಿಗೆ ಪೌರಕಾರ್ಮಿಕ ಹೆಣ್ಣುಮಗಳು ಕಾಗದದ ಮೇಲೆ ಕಾಯ್ದೆಯೊಳಗೇ ಇದ್ದಾಳೆ, ಕೇಳಿದ್ರೆ ಗುತ್ತಿಗೆದಾರ ಬೇರೆಯೋಳನ್ನ ತರ್ತಾನೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಗರ್ಭಿಣಿಗೂ ಕನಿಷ್ಠ 6,000 ರೂಪಾಯಿ ಅಂತ ಬರೆದ್ರೆ, ಆಮೇಲೆ ಬಂದ ಮಾತೃ ವಂದನಾ ಯೋಜನೆ ಅದನ್ನ ಮೊದಲ ಮಗುವಿಗೆ ಮಾತ್ರ, 5,000 ಅಂತ ಮಾಡ್ತು. ಎರಡನೇದು ಹೆಣ್ಣಾದ್ರೆ 6,000 ಅಂತ ಸೇರಿಸಿದ್ದು 2022ರಲ್ಲಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಎರಡು ಅಂಕಿ ಇವೆ. ದೇಶದಲ್ಲಿ ನೂರಕ್ಕೆ 88.6 ಹೆರಿಗೆ ಆಸ್ಪತ್ರೆಯಲ್ಲೇ ಆಗ್ತಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ ಮಕ್ಕಳು ನೂರಕ್ಕೆ 41.8. ಇಷ್ಟು ಮಕ್ಕಳು ಡಾಕ್ಟರು, ನರ್ಸುಗಳ ಕಣ್ಣೆದುರೇ ಹುಟ್ತಾವೆ, ಅರ್ಧಕ್ಕಿಂತ ಹೆಚ್ಚಿನವಕ್ಕೆ ಆ ಒಂದು ಗಂಟೆಯಲ್ಲಿ ಮೊಲೆ ಸಿಗಲ್ಲ. ಇದನ್ನ ತಾಯಂದಿರ ಮೈಯ ದೋಷ ಅನ್ನೋದು ಹೆಂಗೆ?

ಪೌಡರ್ ಕುಡಿಸಿದ ತಾಯಂದಿರು ಇದನ್ನ ಓದ್ತಿದ್ರೆ ದಯವಿಟ್ಟು ಮನಸ್ಸಿಗೆ ಹಚ್ಕೋಬೇಡಿ. ನಿಜವಾಗಿ ಹಾಲು ಸಾಲದೇ ಹೋಗೋದು ಇದೆ. ಥೈರಾಯ್ಡ್ ತೊಂದರೆ, ವಿಪರೀತ ರಕ್ತಸ್ರಾವ, ಮೊಲೆಗೆ ಆಪರೇಷನ್ ಆಗಿರೋದು, ತಿಂಗಳು ತುಂಬದ ಮಗು, ಕಾರಣ ಬೇಕಾದಷ್ಟಿವೆ. ಕೂಸು ಹಸಿದಿದ್ರೆ ಕುಡಿಸ್ಲೇಬೇಕು, ಡಾಕ್ಟರ್ ಹೇಳಿದ ಅಳತೆಯಲ್ಲಿ, ಕುದಿಸಿದ ನೀರಲ್ಲಿ, ಒಳಲೆಯಲ್ಲಿ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಮೃತಧಾರೆ ಅಂತ ಎದೆಹಾಲಿನ ಬ್ಯಾಂಕ್ ಶುರುವಾಯ್ತು. ಇಂಥ ಬ್ಯಾಂಕುಗಳಲ್ಲಿ ಹಲವು ತಾಯಂದಿರ ಹಾಲನ್ನ ಒಟ್ಟಿಗೆ ಬೆರೆಸಿ, 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತಣ್ಣಗೆ ಮಾಡಿ, ಎಳೇ ಮಕ್ಕಳಿಗೆ ಕೊಡ್ತಾರೆ. ಬೆರೆಸಿ ಅನ್ನೋದನ್ನ ಇನ್ನೊಂದು ಸಲ ಓದಿ. ನಂಗೆ ಆ ಪದ ಬಹಳ ಇಷ್ಟ ಆಯ್ತು.

ಯಾವಾಗ ಕಾಯಬಾರದು ಅಂತಲೂ ಹೇಳಿಬಿಡ್ತೀನಿ. ಐದಾರು ದಿನ ಆದಮೇಲೂ ದಿನಕ್ಕೆ ಆರಕ್ಕಿಂತ ಕಮ್ಮಿ ಉಚ್ಚೆ, ಐದನೇ ದಿನಕ್ಕೂ ಕಪ್ಪು ಕಕ್ಕವೇ ಬರ್ತಿರೋದು, ಎಬ್ಬಿಸಿದ್ರೂ ಏಳದ ಮಂಪರು, ಅಂಗೈ ಅಂಗಾಲಿನವರೆಗೂ ಹಳದಿ, ಜ್ವರ ಅಥವಾ ಮೈ ತಣ್ಣಗಾಗೋದು, ಇವುಗಳಲ್ಲಿ ಒಂದು ಕಂಡ್ರೂ ಅವತ್ತೇ ಆಸ್ಪತ್ರೆ. ತಾಯಿಗೆ ಮೊಲೆ ಕೆಂಪಾಗಿ ಚಳಿಜ್ವರ ಬಂದ್ರೂ ಅಷ್ಟೇ, ಹಾಲು ಕೊಡೋದನ್ನ ಮಾತ್ರ ನಿಲ್ಲಿಸಬೇಡಿ, ನಿಲ್ಲಿಸಿದ್ರೆ ಇನ್ನೂ ಕಟ್ಟುತ್ತೆ. ತೊಟ್ಟು ಒಡೆದಿದ್ರೆ ಕೊನೆಯ ಎರಡು ಹನಿ ಹಾಲನ್ನೇ ಹಚ್ಚಿ ಗಾಳಿಗೆ ಒಣಗೋಕೆ ಬಿಡಿ, ಮಗು ಹಿಡಿಯೋ ರೀತಿ ಸರಿ ಮಾಡಿ.

ಅಣ್ಣತಮ್ಮಂದಿರಿಗೆ ಕೆಲಸ ಇದೆ ಅಂದಿದ್ದೆ. ಮಗು ನೋಡೋಕೆ ಹೋಗುವಾಗ ಹಾಲಿನ ಪುಡಿ ಡಬ್ಬ, ಬಾಟಲಿ ಸೆಟ್ಟು ಒಯ್ಯಬೇಡಿ. ಬುತ್ತಿ ಒಯ್ಯಿರಿ. ಹೆಂಡತಿ ರಾತ್ರಿ ಹಾಲು ಕೊಡೋಕೆ ಎದ್ರೆ ನೀವೂ ಎದ್ದು ಒಂದು ಚೊಂಬು ನೀರು ಕೊಡಿ, ಬಟ್ಟೆ ಬದಲಾಯಿಸಿ, ಗೋಡೆ ಮೇಲೆ ಗೆರೆ ಎಳೀರಿ. "ಹಾಲಿಲ್ಲ" ಅಂತ ಯಾರಾದ್ರೂ ಮಂಚದ ಪಕ್ಕ ನಿಂತು ಹೇಳಿದ್ರೆ, ಅದು ನಿಮ್ಮ ಅವ್ವನೇ ಆಗಿರಲಿ, ಮೆಲ್ಲಗೆ ಆಚೆ ಕರ್ಕೊಂಡು ಹೋಗಿ ಕಾಫಿ ಕುಡಿಸಿ.

ನಮ್ಮ ತಾಲ್ಲೂಕಿನ ಹೆಣ್ಣುಮಕ್ಕಳು ತೊಂದರೆ ಇದ್ರೆ ಇನ್‌ಬಾಕ್ಸಿಗೆ ಬನ್ನಿ, ಎಷ್ಟೊತ್ತಾದ್ರೂ ಪರವಾಗಿಲ್ಲ. ಫೋಟೋ ಕಳಿಸಬೇಡಿ, ಯಾವ ಊರು, ಹೆರಿಗೆ ಆಗಿ ಎಷ್ಟು ದಿನ, ನಿನ್ನೆಯಿಂದ ಎಷ್ಟು ಸಲ ಉಚ್ಚೆ ಹೊಯ್ತು, ಇಷ್ಟು ಬರೆದು ಕಳಿಸಿ. ನಾವು ಆರು ಜನ ಇದೀವಿ, ಇಬ್ಬರಿಗೆ ಗಾಡಿ ಓಡಿಸೋಕೆ ಬರುತ್ತೆ. ದೊಡ್ಡವ್ವನಿಗೆ ಈಗ ಮಂಡಿ ನೋವು, ಆದ್ರೂ ಹಿಂದೆ ಕೂರಿಸ್ಕೊಂಡು ಹೋದ್ರೆ ಬರ್ತಾಳೆ.